ಹಾರ್ಡ್‌ವಿಕ್ ಹಾಲ್‌ನ ವಾಸ್ತುಶಿಲ್ಪ: ಪದೇ ಪದೇ ಕೇಳುವ ಪ್ರಶ್ನೆಗಳು

ಹಾರ್ಡ್‌ವಿಕ್ ಹಾಲ್ ಎಲ್ಲಿದೆ? ಯಾವ ಕಾಲದ ಕಟ್ಟಡ?

ಇಂಗ್ಲೆಂಡಿನ ನಡುಭಾಗದ ಡಾರ್ಬಿಶೈರ್ ಪ್ರಾಂತ್ಯದಲ್ಲಿ, ಚೆಸ್ಟರ್‌ಫೀಲ್ಡ್ ಪಟ್ಟಣಕ್ಕೆ ಸಮೀಪದ ಒಂದು ಗುಡ್ಡದ ನೆತ್ತಿಯ ಮೇಲೆ ಈ ಮನೆ ನಿಂತಿದೆ. ಕೆಲಸ ಆರಂಭವಾದದ್ದು 1590ರಲ್ಲಿ. 1597ರ ಅಕ್ಟೋಬರ್‌ನಲ್ಲಿ ಮನೆಯೊಡತಿ ಇಲ್ಲಿ ವಾಸಕ್ಕೆ ಬಂದಳು. ಅಂದರೆ ಇದು ಮೊದಲನೆಯ ಎಲಿಜಬೆತ್ ರಾಣಿಯ ಆಳ್ವಿಕೆಯ ಕೊನೆಯ ವರ್ಷಗಳ ಮನೆ. ಆ ಕಾಲದ ಅನೇಕ ಶ್ರೀಮಂತ ಮನೆಗಳು ಕುಸಿದಿವೆ, ಇಲ್ಲವೇ ಮುಂದಿನ ತಲೆಮಾರುಗಳ ಕೈಯಲ್ಲಿ ಗುರುತು ಸಿಗದಷ್ಟು ಬದಲಾಗಿವೆ. ಇದು ಮಾತ್ರ ಕಟ್ಟಿದ ದಿನದ ರೂಪಕ್ಕೆ ಆಶ್ಚರ್ಯವಾಗುವಷ್ಟು ಹತ್ತಿರವಾಗಿ ಉಳಿದಿದೆ. ಇಂಗ್ಲೆಂಡಿನ ದೊಡ್ಡ ಗ್ರಾಮೀಣ ಮನೆಗಳಲ್ಲಿ ಒಂದನ್ನೇ ಆರಿಸಿ ಅಭ್ಯಾಸ ಮಾಡಬೇಕೆಂದವರು ಇಲ್ಲಿಂದ ಶುರುಮಾಡುವುದು ಒಳ್ಳೆಯದೆಂದು ನನಗೆ ಅನ್ನಿಸುವುದು ಇದೇ ಕಾರಣಕ್ಕೆ.

ಈ ಮನೆಯನ್ನು ಕಟ್ಟಿಸಿದವರು ಯಾರು?

ಶ್ರೂಸ್‌ಬರಿಯ ಕೌಂಟೆಸ್ (ಅರ್ಲ್ ಎಂಬ ಕುಲೀನ ಪದವಿಯವನ ಹೆಂಡತಿ) ಎಲಿಜಬೆತ್ ಟ್ಯಾಲ್ಬಟ್. ಇತಿಹಾಸದಲ್ಲಿ ಆಕೆ ‘ಬೆಸ್ ಆಫ್ ಹಾರ್ಡ್‌ವಿಕ್’ ಎಂದೇ ಪ್ರಸಿದ್ಧಳು. ಇದೇ ಗುಡ್ಡದ ಮೇಲಿದ್ದ ಸಾಧಾರಣ ಜಮೀನುದಾರರ ಮನೆಯಲ್ಲಿ 1520ರ ದಶಕದಲ್ಲಿ ಹುಟ್ಟಿದ ಬೆಸ್, ನಾಲ್ಕು ಬಾರಿ ಮದುವೆಯಾಗಿ, ನಾಲ್ಕು ಬಾರಿಯೂ ಗಂಡನನ್ನು ಕಳೆದುಕೊಂಡಳು. ಎರಡನೆಯ ಗಂಡ ಸರ್ ವಿಲಿಯಂ ಕ್ಯಾವೆಂಡಿಶ್‌ನೊಂದಿಗೆ ಸೇರಿ ಚಾಟ್ಸ್‌ವರ್ತ್‌ನಲ್ಲಿ ಮೊದಲ ದೊಡ್ಡ ಮನೆಯನ್ನು ಕಟ್ಟಿಸಿದಾಗಲೇ ಕಟ್ಟಡದ ಕೆಲಸ ಆಕೆಗೆ ಕೈಹತ್ತಿತ್ತು. ನಾಲ್ಕನೆಯ ಗಂಡ, ಶ್ರೂಸ್‌ಬರಿಯ ಆರನೆಯ ಅರ್ಲ್ ಜಾರ್ಜ್ ಟ್ಯಾಲ್ಬಟ್, 1590ರ ನವೆಂಬರ್‌ನಲ್ಲಿ ತೀರಿಕೊಂಡ ಮೇಲೆ ಆಕೆ ಇಂಗ್ಲೆಂಡಿನ ಅತಿ ಶ್ರೀಮಂತ ಹೆಂಗಸರ ಸಾಲಿಗೆ ಸೇರಿದಳು. ಆಗ ಆಕೆಗೆ ಅರವತ್ತು ದಾಟಿತ್ತು. ಆ ವಯಸ್ಸಿನಲ್ಲಿ ಹೊಸದಾಗಿ ಅಡಿಪಾಯ ಹಾಕಿಸಿ, ಲೆಕ್ಕದ ಪುಸ್ತಕಗಳಿಗೆ ತಾನೇ ಸಹಿ ಹಾಕುತ್ತಾ ಏಳು ವರ್ಷ ಕೆಲಸ ನಡೆಸಿ, ಕಟ್ಟಿದ ಮನೆಯಲ್ಲಿ ಹತ್ತು ವರ್ಷ ಬಾಳಿ, 1608ರ ಫೆಬ್ರವರಿಯಲ್ಲಿ ಆಕೆ ತೀರಿಕೊಂಡಳು.

ವಾಸ್ತುಶಿಲ್ಪಿ ಯಾರು?

ರಾಬರ್ಟ್ ಸ್ಮಿತ್ಸನ್ ಎಂದು ಇತಿಹಾಸಕಾರರು ಬಹುಮಟ್ಟಿಗೆ ಒಪ್ಪುತ್ತಾರೆ. ಆ ಕಾಲದ ಇಂಗ್ಲೆಂಡಿನಲ್ಲಿ ವಾಸ್ತುಶಿಲ್ಪಿ ಎಂಬ ಪ್ರತ್ಯೇಕ ವೃತ್ತಿ ಇನ್ನೂ ಬೇರೂರಿರಲಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಸ್ಮಿತ್ಸನ್ ಕಲ್ಲುಕೆಲಸದ ಮೇಸ್ತ್ರಿಯಾಗಿ ಬೆಳೆದವನು. ವಿಲ್ಟ್‌ಶೈರ್‌ನ ಲಾಂಗ್‌ಲೀಟ್ ಮನೆಯ ಕೆಲಸಕ್ಕೆ 1568ರಲ್ಲಿ ಸೇರಿದ ಆತ, 1580ರಿಂದ 1588ರವರೆಗೆ ನಾಟಿಂಗ್‌ಹ್ಯಾಮ್ ಬಳಿಯ ವೊಲಾಟನ್ ಹಾಲ್‌ನಲ್ಲಿ ದುಡಿದು, ಆಮೇಲೆ ಹಾರ್ಡ್‌ವಿಕ್‌ಗೆ ಬಂದನು. 1614ರಲ್ಲಿ ವೊಲಾಟನ್‌ನಲ್ಲಿ ಅವನನ್ನು ಮಣ್ಣುಮಾಡಿದಾಗ ಸಮಾಧಿಯ ಕಲ್ಲಿನ ಮೇಲೆ ಅವನನ್ನು ವಾಸ್ತುಶಿಲ್ಪಿ ಮತ್ತು ಸರ್ವೇಯರ್ (ಕಟ್ಟಡದ ಮೇಲ್ವಿಚಾರಕ) ಎಂದು ಕರೆಯಲಾಯಿತು. ಆ ಕಾಲದ ಇಂಗ್ಲೆಂಡಿನಲ್ಲಿ ಕಲ್ಲುಕೆಲಸದವನೊಬ್ಬನಿಗೆ ಸಿಕ್ಕ ಅಪರೂಪದ ಗೌರವವಿದು.

ಹಾರ್ಡ್‌ವಿಕ್‌ನ ಸಂಪೂರ್ಣ ವಿನ್ಯಾಸ ಅವನದೆಂದು ಸಾರುವ ಒಪ್ಪಂದಪತ್ರ ಯಾವುದೂ ಉಳಿದಿಲ್ಲ. ಆದರೆ ಸ್ಮಿತ್ಸನ್ ಕುಟುಂಬದ ನಕ್ಷೆಗಳ ಸಂಗ್ರಹದಲ್ಲಿ ಈ ಮನೆಗೆ ತೀರ ಹತ್ತಿರವಾದ ನಕ್ಷೆಯೊಂದಿದೆ. ಲಾಂಗ್‌ಲೀಟ್ ಮತ್ತು ವೊಲಾಟನ್‌ಗಳ ಗಾಜಿನ ಗೋಡೆಗಳನ್ನೂ ಎತ್ತರದ ಗೋಪುರಗಳನ್ನೂ ನೋಡಿ ಬಂದವರಿಗೆ ಇದು ಅದೇ ಕೈಯ ಕೆಲಸ ಎಂಬುದು ಥಟ್ಟನೆ ಹೊಳೆಯುತ್ತದೆ. ಹಾಗೆಂದು ಒಡತಿಯ ಪಾಲನ್ನು ಕಡಿಮೆ ಮಾಡುವಂತಿಲ್ಲ. ಯಾವ ಕೋಣೆ ಎಲ್ಲಿರಬೇಕು, ಎಷ್ಟು ಎತ್ತರವಿರಬೇಕು ಎಂಬ ನಿರ್ಧಾರಗಳಲ್ಲಿ ನಲವತ್ತು ವರ್ಷ ಮನೆಗಳನ್ನು ಕಟ್ಟಿಸಿದ ಅನುಭವಸ್ಥೆಯೊಬ್ಬಳ ಗುರುತು ಕಾಣುತ್ತದೆ.

ಅದಕ್ಕಿಂತ ಹಿಂದಿನ ಇಂಗ್ಲಿಷ್ ಮನೆಗಳಿಗಿಂತ ಇದು ಹೇಗೆ ಭಿನ್ನ?

ಎರಡು ಮುಖ್ಯ ವ್ಯತ್ಯಾಸಗಳಿವೆ. ಈ ಎರಡನ್ನು ಅರ್ಥಮಾಡಿಕೊಂಡರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಮೊದಲನೆಯದು ಅಂಗಳದ ಮಾತು. ಮಧ್ಯಯುಗದ ದೊಡ್ಡ ಇಂಗ್ಲಿಷ್ ಮನೆಗಳು ಸಾಮಾನ್ಯವಾಗಿ ಒಂದೋ ಎರಡೋ ಅಂಗಳಗಳ ಸುತ್ತ ಬೆಳೆಯುತ್ತಿದ್ದವು. ನಮ್ಮ ತೊಟ್ಟಿಮನೆಯ ಹಾಗೆ ಅವುಗಳ ಮುಖವೂ ಒಳಕ್ಕೇ ಇತ್ತು. ಹೊರಗಿನ ಗೋಡೆ ರಕ್ಷಣೆಗೆ, ಬೆಳಕು ಅಂಗಳದಿಂದ. ಹಾರ್ಡ್‌ವಿಕ್‌ನಲ್ಲಿ ಅಂಗಳವೇ ಇಲ್ಲ. ಇಡೀ ಮನೆ ಒತ್ತಾದ ಒಂದೇ ಆಯತಾಕಾರದ ಗಡ್ಡೆ. ಅದರ ಎರಡು ಉದ್ದ ಬದಿಗಳಿಗೆ ಎರಡೆರಡು, ಎರಡು ಕಿರುಬದಿಗಳಿಗೆ ಒಂದೊಂದು ಗೋಪುರಗಳು ಅಂಟಿಕೊಂಡಿವೆ. ಮನೆ ಪೂರ್ತಿಯಾಗಿ ಹೊರಕ್ಕೆ ತಿರುಗಿದೆ. ನಾಲ್ಕೂ ದಿಕ್ಕುಗಳಿಂದ ನೋಡಲೆಂದೇ, ನಾಲ್ಕೂ ದಿಕ್ಕುಗಳನ್ನು ನೋಡಲೆಂದೇ ಕಟ್ಟಿದಂತಿದೆ.

ಎರಡನೆಯದು ಹಾಲ್ ಎಂದು ಕರೆಯುವ ದೊಡ್ಡ ಪಡಸಾಲೆಯದು. ಹಳೆಯ ಪದ್ಧತಿಯಲ್ಲಿ ಪಡಸಾಲೆ ಮನೆಯ ಮುಂಭಾಗಕ್ಕೆ ಸಮಾನಾಂತರವಾಗಿ ಉದ್ದಕ್ಕೆ ಚಾಚಿಕೊಂಡಿರುತ್ತಿತ್ತು, ಬಾಗಿಲು ಅದರ ಒಂದು ಮೂಲೆಗೆ ಬರುತ್ತಿತ್ತು. ಹೀಗಾಗಿ ಮುಂಭಾಗವನ್ನು ಎಡಬಲ ಸಮನಾಗಿ ಕಟ್ಟುವುದು ಕಷ್ಟವಾಗಿತ್ತು. ಬಾಗಿಲನ್ನು ನಟ್ಟನಡುವೆ ಇಟ್ಟರೆ ಪಡಸಾಲೆ ಒಂದು ಬದಿಗೆ ಸರಿಯುತ್ತಿತ್ತು, ಪಡಸಾಲೆಯನ್ನು ನಡುವೆ ಇಟ್ಟರೆ ಬಾಗಿಲು ಸರಿಯುತ್ತಿತ್ತು. ಇಲ್ಲಿ ಸ್ಮಿತ್ಸನ್ ಪಡಸಾಲೆಯನ್ನೇ ತಿರುಗಿಸಿ, ಮುಂಬಾಗಿಲಿನಿಂದ ಹಿಂಬದಿಯವರೆಗೆ ಮನೆಯ ಅಗಲಕ್ಕೆ ಅಡ್ಡಲಾಗಿ ಇಟ್ಟುಬಿಟ್ಟನು. ಎರಡು ಅಂತಸ್ತಿನಷ್ಟು ಎತ್ತರದ ಆ ಪಡಸಾಲೆಯೊಳಕ್ಕೆ ಬಾಗಿಲಿನಿಂದ ನೇರವಾಗಿ ಕಾಲಿಡುತ್ತೇವೆ. ಬಾಗಿಲು, ಪಡಸಾಲೆ, ಮನೆಯ ನಡುಗೆರೆ ಮೂರೂ ಒಂದೇ ರೇಖೆಗೆ ಬಂದವು. ಕೇಳಲು ಸರಳವಾದ ಉಪಾಯ, ಆದರೆ ಶತಮಾನಗಳ ರೂಢಿಯನ್ನು ಮುರಿಯದೆ ಅದು ಹೊಳೆಯುವಂಥದ್ದಲ್ಲ. ಇಟಲಿಯಿಂದ ಬಂದ ವಾಸ್ತುಗ್ರಂಥಗಳ ಪ್ರಭಾವವನ್ನು ವಿದ್ವಾಂಸರು ಇಲ್ಲಿ ಗುರುತಿಸುತ್ತಾರೆ. ಆ ಪ್ರಭಾವವಿದ್ದರೂ ಮನೆ ಇಟಲಿಯದರಂತೆ ಕಾಣುವುದಿಲ್ಲ ಎಂಬುದು ಅದರ ಹಿರಿಮೆ.

ಮೇಲೆ ಹೋದಂತೆ ಕಿಟಕಿಗಳು ದೊಡ್ಡವಾಗುವುದೇಕೆ?

ಈ ಮನೆಯನ್ನು ಮೊದಲ ಸಲ ನೋಡಿದವರ ಕಣ್ಣಿಗೆ ಬೀಳುವುದೇ ಇದು. ಸಾಮಾನ್ಯವಾಗಿ ಕಟ್ಟಡದ ಕೆಳಭಾಗ ಭಾರವಾಗಿ, ಮೇಲ್ಭಾಗ ಹಗುರವಾಗಿ, ಕಿಟಕಿಗಳು ಮೇಲಕ್ಕೆ ಕಿರಿದಾಗುತ್ತಾ ಹೋಗುತ್ತವೆ. ಇಲ್ಲಿ ಅದು ತಿರುವುಮುರುವು. ನೆಲಮಹಡಿಯ ಕಿಟಕಿಗಳು ಗಿಡ್ಡ, ಮೊದಲ ಮಹಡಿಯವು ಅದಕ್ಕಿಂತ ಎತ್ತರ, ಎರಡನೆಯ ಮಹಡಿಯವು ಎಲ್ಲಕ್ಕಿಂತ ಎತ್ತರ.

ಕಾರಣ ಬಳಕೆಯಲ್ಲಿದೆ. ನೆಲಮಹಡಿಯಲ್ಲಿ ಅಡುಗೆಮನೆ, ಉಗ್ರಾಣ ಮತ್ತು ಕೆಲಸದ ಜಾಗಗಳು. ಮೊದಲ ಮಹಡಿಯಲ್ಲಿ ಬೆಸ್ ಮತ್ತು ಆಕೆಯ ಕುಟುಂಬದವರು ದಿನನಿತ್ಯ ಬಾಳುತ್ತಿದ್ದ ಕೋಣೆಗಳು. ಎರಡನೆಯ ಮಹಡಿ ರಾಜಮರ್ಯಾದೆಯ ಮಹಡಿ. ವಿಶೇಷ ಅತಿಥಿಗಳಿಗೆ, ಸಾಧ್ಯವಾದರೆ ಸ್ವತಃ ರಾಣಿಗೇ ಮೀಸಲಾದ ಸಭಾಕೋಣೆಗಳು ಅಲ್ಲಿವೆ. ಹೊರಗೆ ನಿಂತು ಗೋಡೆಯನ್ನು ನೋಡಿದವನು ಒಳಗಿನ ಅಂತಸ್ತುಗಳ ಮೇಲುಕೀಳನ್ನು ಕಿಟಕಿಯ ಎತ್ತರದಲ್ಲೇ ಓದಬಹುದು. ಈ ಮನೆಯ ಅಂದಕ್ಕೆ ಮೂಲ ಅಲಂಕಾರವಲ್ಲ, ಈ ಪ್ರಾಮಾಣಿಕ ಕ್ರಮವೇ ಎಂಬುದು ನನ್ನ ದೃಢವಾದ ನಂಬಿಕೆ. ಹೊರಗೋಡೆಯಲ್ಲಿ ಕೆತ್ತನೆ ಬಹಳ ಕಡಿಮೆ. ಗೋಡೆ, ಗಾಜು, ಅವುಗಳ ಅಳತೆ, ಇಷ್ಟರಲ್ಲೇ ಎಲ್ಲ ಮುಗಿದಿದೆ.

ಗಾಜು ಆಗ ದುಬಾರಿ ವಸ್ತು ಎಂಬುದನ್ನೂ ಮರೆಯಬಾರದು. ದೊಡ್ಡ ಹಾಳೆಯಂಥ ಗಾಜನ್ನು ಮಾಡುವ ವಿದ್ಯೆ ಇನ್ನೂ ಬಂದಿರಲಿಲ್ಲ. ಊದಿ ಮಾಡಿದ ಗಾಜನ್ನು ಅಂಗೈಯಷ್ಟು ಅಗಲದ ತುಂಡುಗಳಾಗಿ ಕತ್ತರಿಸಿ, ಸೀಸದ ಪಟ್ಟಿಗಳಿಂದ ಒಂದಕ್ಕೊಂದು ಬೆಸೆದು, ಕಲ್ಲಿನ ಚೌಕಟ್ಟಿನೊಳಗೆ ಕೂರಿಸಬೇಕಿತ್ತು. ಇಳಿಬಿಸಿಲು ಪಶ್ಚಿಮದ ಮುಂಭಾಗಕ್ಕೆ ಬಡಿದಾಗ ಇಡೀ ಗೋಡೆ ಒಂದೇ ಕನ್ನಡಿಯಂತೆ ಹೊಳೆಯದೆ ಸಾವಿರಾರು ಚೂರುಗಳಾಗಿ ಮಿನುಗುವುದು ಇದರಿಂದಲೇ. ಹಾರ್ಡ್‌ವಿಕ್‌ನಲ್ಲಿ ಗೋಡೆಗಿಂತ ಗಾಜೇ ಹೆಚ್ಚು ಎಂಬರ್ಥದ ಪ್ರಾಸದ ಮಾತೊಂದು ಇಂಗ್ಲಿಷಿನಲ್ಲಿ ಇಂದಿಗೂ ಬಳಕೆಯಲ್ಲಿದೆ.

ಅಷ್ಟೊಂದು ಗಾಜಿದ್ದರೂ ಕಟ್ಟಡ ಹೇಗೆ ನಿಂತಿದೆ?

ಭಾರ ಹೊರುವ ಕೆಲಸವನ್ನು ಒಳಗಿನ ಗೋಡೆಗಳು ಬಹುಮಟ್ಟಿಗೆ ವಹಿಸಿಕೊಂಡಿವೆ. ಮನೆಯ ಉದ್ದಕ್ಕೂ ನಡುವೆ ಬೆನ್ನೆಲುಬಿನಂತೆ ದಪ್ಪನೆಯ ಗೋಡೆಯೊಂದು ಹಾದುಹೋಗುತ್ತದೆ. ಅಗ್ಗಿಷ್ಟಿಕೆಗಳನ್ನೂ ಅವುಗಳ ಹೊಗೆಕೊಳವೆಗಳನ್ನೂ ಬಹುಪಾಲು ಒಳಗೋಡೆಗಳಲ್ಲೇ ಅಡಗಿಸಿರುವುದರಿಂದ, ಹಳೆಯ ಮನೆಗಳಲ್ಲಿ ಚಿಮಣಿ ಆಕ್ರಮಿಸುತ್ತಿದ್ದ ಹೊರಗೋಡೆಯ ಜಾಗ ಕಿಟಕಿಗಳಿಗೆ ಬಿಡುವಾಯಿತು. ಆರು ಗೋಪುರಗಳು ನೋಟಕ್ಕಷ್ಟೇ ಅಲ್ಲ, ತೆಳುವಾದ ಉದ್ದ ಗೋಡೆಗಳಿಗೆ ಅಲ್ಲಲ್ಲಿ ಊರುಗೋಲಿನಂತೆಯೂ ಆಸರೆಯಾಗಿವೆ. ಪ್ರತಿ ಕಿಟಕಿಯೊಳಗಿನ ಕಲ್ಲಿನ ಉದ್ದಕಂಬಗಳು ಮತ್ತು ಅಡ್ಡಪಟ್ಟಿಗಳು ಗಾಜನ್ನು ಗಾಳಿಯ ಒತ್ತಡದಿಂದ ಕಾಪಾಡುತ್ತವೆ. ಗುಡ್ಡದ ನೆತ್ತಿಯಲ್ಲಿ ಗಾಳಿ ಸದಾ ಬೀಸುವುದರಿಂದ ಇದು ಸಣ್ಣ ವಿಷಯವೇನಲ್ಲ.

ಎಲ್ಲ ಕಿಟಕಿಗಳೂ ನಿಜವಾದ ಕಿಟಕಿಗಳೇ?

ಅಲ್ಲ. ಕೆಲವು ಕಿಟಕಿಗಳ ಹಿಂದೆ ಗೋಡೆಯೋ ಹೊಗೆಕೊಳವೆಯೋ ಇದೆ. ಹೊರಗಿನ ಸಮರೂಪತೆಯನ್ನು ಕಾಪಾಡಲು ಅಲ್ಲಿ ಗಾಜನ್ನು ಹಾಗೆಯೇ ಕೂರಿಸಲಾಗಿದೆ. ಒಳಗಿನ ಕೋಣೆಗಳು ಎಡಬಲ ಒಂದೇ ರೀತಿ ಇಲ್ಲದಿದ್ದರೂ ಹೊರಗೋಡೆ ಹಾಗಿರುವಂತೆ ತೋರುವುದು ಈ ಜಾಣ್ಮೆಯಿಂದ.

ಮೆಟ್ಟಿಲುಗಳ ಬಗ್ಗೆ ಅಷ್ಟು ಹೊಗಳಿಕೆ ಏಕೆ?

ಇಡೀ ಮನೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದೇ ಆದ್ದರಿಂದ ಉತ್ತರ ಸ್ವಲ್ಪ ದೀರ್ಘವಾಗುತ್ತದೆ. ಇಲ್ಲಿನ ಮುಖ್ಯ ಕಲ್ಲಿನ ಮೆಟ್ಟಿಲು ಬಹುತೇಕ ಮನೆಗಳಲ್ಲಿರುವಂತೆ ಒಂದೇ ಗೂಡಿನೊಳಗೆ ಸುತ್ತುತ್ತಾ ಏರುವುದಿಲ್ಲ. ಅದು ಮನೆಯೊಳಗೆ ನಡೆಯುತ್ತದೆ. ಕೆಳಗೆ ಮಬ್ಬುಗತ್ತಲಿನಲ್ಲಿ ಆರಂಭವಾಗಿ, ಅಗಲವಾದ, ತಗ್ಗಾದ, ಆತುರವಿಲ್ಲದ ಮೆಟ್ಟಿಲುಗಳಲ್ಲಿ ಏರಿ, ಮೊದಲ ಮಹಡಿಯಲ್ಲಿ ಕುಟುಂಬದ ಕೋಣೆಗಳ ಬಾಗಿಲನ್ನು ದಾಟಿ, ಮತ್ತೆ ದಿಕ್ಕು ಬದಲಿಸಿ, ಕ್ರಮೇಣ ಬೆಳಕಿನ ಕಡೆಗೆ ಹೋಗುತ್ತದೆ. ಮುಂದೇನಿದೆ ಎಂಬುದು ಪ್ರತಿ ತಿರುವಿನವರೆಗೂ ಮರೆಯಾಗಿರುತ್ತದೆ. ದಾರಿಯಲ್ಲೇ ಪ್ರಾರ್ಥನಾಮಂದಿರ ಸಿಗುತ್ತದೆ. ಅದು ಮೊದಲು ಎರಡು ಅಂತಸ್ತುಗಳಲ್ಲಿತ್ತು, ಮನೆಯವರು ಮೇಲಿನಿಂದ, ಕೆಲಸದವರು ಕೆಳಗಿನಿಂದ ಪ್ರಾರ್ಥನೆಗೆ ಸೇರುತ್ತಿದ್ದರು.

ಕೊನೆಯ ಮೆಟ್ಟಿಲುಗಳನ್ನು ಹತ್ತುವಾಗ ಎತ್ತರದ ಕಿಟಕಿಗಳ ಬೆಳಕು ತಲೆಯ ಮೇಲಿಂದ ಸುರಿಯುತ್ತದೆ. ಎದುರಿಗೆ ಇರುವುದು ಹೈ ಗ್ರೇಟ್ ಚೇಂಬರ್ ಎಂಬ ಮಹಾಸಭಾಕೋಣೆಯ ಬಾಗಿಲು. ಅಡುಗೆಮನೆಯಲ್ಲಿ ಸಿದ್ಧವಾದ ಊಟವನ್ನು ವಿಶೇಷ ದಿನಗಳಲ್ಲಿ ಮೆರವಣಿಗೆಯಂತೆ ಹೊತ್ತು ತಂದದ್ದು ಇದೇ ದಾರಿಯಲ್ಲಿ. ತಟ್ಟೆ ಮೇಲೆ ಬರುವಷ್ಟರಲ್ಲಿ ಊಟ ಆರಿರುತ್ತಿತ್ತು ಎಂಬುದರಲ್ಲಿ ಸಂದೇಹವಿಲ್ಲ. ಆದರೂ ಆ ಕಾಲದವರಿಗೆ ಬಿಸಿಗಿಂತ ಮರ್ಯಾದೆ ದೊಡ್ಡದಾಗಿತ್ತು. ವಾಸ್ತುಶಿಲ್ಪವೆಂದರೆ ನಿಂತ ಗೋಡೆಯಷ್ಟೇ ಅಲ್ಲ, ನಡೆಯುವವನ ಮನಸ್ಸನ್ನು ಹಂತಹಂತವಾಗಿ ಸಿದ್ಧಪಡಿಸುವ ಕಲೆಯೂ ಹೌದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ಆ ಕಾಲದ ಇಂಗ್ಲೆಂಡಿನಲ್ಲಿ ತೋರಿಸುವುದು ಕಷ್ಟ.

ಹೈ ಗ್ರೇಟ್ ಚೇಂಬರ್‌ನಲ್ಲಿ ಏನು ನೋಡಬೇಕು?

ಮೊದಲು ಗೋಡೆಯ ಮೇಲ್ಭಾಗವನ್ನು ನೋಡಬೇಕು. ಕೋಣೆಯ ಸುತ್ತಲೂ ಗಾರೆಯಲ್ಲಿ ಮಾಡಿ ಬಣ್ಣ ಬಳಿದ ಅಗಲವಾದ ಉಬ್ಬುಶಿಲ್ಪದ ಪಟ್ಟಿಯಿದೆ. ಅದರಲ್ಲಿ ದಟ್ಟ ಕಾಡು, ಬೇಟೆ, ಜಿಂಕೆಗಳು, ಪರಿವಾರದ ನಡುವೆ ಕುಳಿತ ಡಯಾನಾ ದೇವತೆ ಕಾಣುತ್ತಾರೆ. ಮಾಡಿದವನು ಏಬ್ರಹಾಂ ಸ್ಮಿತ್ ಎಂಬ ಗಾರೆಶಿಲ್ಪಿ ಮತ್ತು ಅವನ ಸಂಗಡಿಗರು. ಡಯಾನಾ ಕನ್ಯಾದೇವತೆ, ಎಲಿಜಬೆತ್ ಅವಿವಾಹಿತ ರಾಣಿ. ಆದ್ದರಿಂದ ಇದು ರಾಣಿಗೆ ಸಲ್ಲಿಸಿದ ಗೌರವವೂ ಹೌದು. ಪಟ್ಟಿಯ ಕೆಳಗೆ ಗ್ರೀಕ್ ಕಾವ್ಯದ ವೀರ ಯುಲಿಸಿಸ್‌ನ ಕಥೆಯನ್ನು ನೇಯ್ದ ಬ್ರಸೆಲ್ಸ್‌ನ ಟ್ಯಾಪೆಸ್ಟ್ರಿಗಳು ತೂಗುತ್ತವೆ. ಟ್ಯಾಪೆಸ್ಟ್ರಿ ಎಂದರೆ ಗೋಡೆಯನ್ನು ಮುಚ್ಚುವಂತೆ ತೂಗುಹಾಕುವ, ಚಿತ್ರಗಳನ್ನು ನೇಯ್ಗೆಯಲ್ಲೇ ಮೂಡಿಸಿದ ದಪ್ಪನೆಯ ಬಟ್ಟೆ. ನೇಯ್ಗೆ ಮುಗಿಯುವಲ್ಲಿ ಗಾರೆಯ ಕಾಡು ಶುರುವಾಗುತ್ತದೆ. ಎರಡು ಬೇರೆ ಬೇರೆ ಕಲೆಗಳು ಒಂದೇ ಗೋಡೆಯನ್ನು ಹಂಚಿಕೊಂಡು ಬಾಳುವ ರೀತಿ ಅದು.

ಇಷ್ಟೆಲ್ಲ ಸಿದ್ಧತೆಯಾದರೂ ರಾಣಿ ಎಲಿಜಬೆತ್ ಹಾರ್ಡ್‌ವಿಕ್‌ಗೆ ಒಮ್ಮೆಯೂ ಬರಲಿಲ್ಲ.

ಲಾಂಗ್ ಗ್ಯಾಲರಿ ಎಂದರೇನು? ಅಷ್ಟು ಉದ್ದದ ಕೋಣೆ ಏತಕ್ಕೆ?

ಎರಡನೆಯ ಮಹಡಿಯ ಪೂರ್ವದ ಬದಿಯುದ್ದಕ್ಕೂ ಚಾಚಿದ, ಸುಮಾರು 50 ಮೀಟರ್ ಉದ್ದದ ಕೋಣೆ ಇದು. ಮಳೆ, ಚಳಿಯ ದಿನಗಳಲ್ಲಿ ಮನೆಯವರು ಒಳಗೇ ಅಡ್ಡಾಡಲು, ಅತಿಥಿಗಳೊಂದಿಗೆ ಗುಟ್ಟಾಗಿ ಮಾತನಾಡಲು, ವಂಶದವರ ಮತ್ತು ರಾಜಮನೆತನದವರ ಭಾವಚಿತ್ರಗಳನ್ನು ತೂಗುಹಾಕಲು ಇಂಥ ಕೋಣೆಗಳು ಬಳಕೆಯಾಗುತ್ತಿದ್ದವು. ಇಲ್ಲಿನ ಎರಡು ಭವ್ಯ ಅಗ್ಗಿಷ್ಟಿಕೆಗಳ ಮೇಲೆ ನ್ಯಾಯದೇವತೆ ಮತ್ತು ಕರುಣಾದೇವತೆಯರ ಮೂರ್ತಿಗಳಿವೆ.

ಗೋಡೆಗಳನ್ನು ಮುಚ್ಚಿರುವುದು ಗಿಡಿಯನ್ ಎಂಬ ಬೈಬಲ್ ವೀರನ ಕಥೆಯ 13 ಟ್ಯಾಪೆಸ್ಟ್ರಿಗಳು. ಒಂದೊಂದೂ ಹೆಚ್ಚುಕಡಿಮೆ 6 ಮೀಟರ್ ಎತ್ತರ, ಎಲ್ಲವನ್ನೂ ಸಾಲಾಗಿ ಹಿಡಿದರೆ 70 ಮೀಟರ್‌ಗೂ ಹೆಚ್ಚು ಉದ್ದ. ರಾಣಿಯ ಮಂತ್ರಿಯಾಗಿದ್ದ ಸರ್ ಕ್ರಿಸ್ಟೋಫರ್ ಹ್ಯಾಟನ್‌ಗಾಗಿ ನೇಯ್ದಿದ್ದ ಇವನ್ನು ಅವನ ಮರಣದ ನಂತರ 1592ರಲ್ಲಿ ಬೆಸ್ ಕೊಂಡಳು. ಅವುಗಳಲ್ಲಿದ್ದ ಹ್ಯಾಟನ್‌ನ ವಂಶಲಾಂಛನಗಳನ್ನು ಮರೆಮಾಡಿ ತನ್ನದನ್ನು ಹಾಕಿಸಬೇಕಾದ್ದರಿಂದ ಬೆಲೆಯಲ್ಲಿ ಸ್ವಲ್ಪ ಕಡಿತವನ್ನೂ ಮಾಡಿಸಿಕೊಂಡಳು. ಲೆಕ್ಕದಲ್ಲಿ ಆಕೆ ಎಂಥ ಗಟ್ಟಿಗಿತ್ತಿ ಎಂಬುದಕ್ಕೆ ಇಷ್ಟು ಸಾಕು.

ಗೋಪುರಗಳ ತುದಿಯಲ್ಲಿರುವ ಅಕ್ಷರಗಳು ಯಾವುವು?

‘ಇ’ ಮತ್ತು ‘ಎಸ್’ ಎಂಬ ಎರಡು ಇಂಗ್ಲಿಷ್ ಅಕ್ಷರಗಳು. ಎಲಿಜಬೆತ್ ಶ್ರೂಸ್‌ಬರಿ ಎಂಬ ಹೆಸರಿನ ಮೊದಲಕ್ಷರಗಳನ್ನು ಆಳೆತ್ತರದ ಕಲ್ಲಿನಲ್ಲಿ ಕಡೆಸಿ, ಮೇಲೊಂದು ಕೌಂಟೆಸ್ ಕಿರೀಟವಿಟ್ಟು, ಆಕಾಶದ ಹಿನ್ನೆಲೆಯಲ್ಲಿ ದೂರದವರೆಗೂ ಕಾಣುವಂತೆ ನಿಲ್ಲಿಸಲಾಗಿದೆ. ಮುಖ್ಯ ಕಟ್ಟಡಕ್ಕಿಂತ ಒಂದು ಅಂತಸ್ತು ಮೇಲಕ್ಕೆ ಏಳುವ ಗೋಪುರಗಳ ನಡುವೆ ಸೀಸದ ತಗಡು ಹೊದಿಸಿದ ಚಪ್ಪಟೆ ಮಾಳಿಗೆಯಿದೆ. ಊಟ ಮುಗಿದ ಮೇಲೆ ಅತಿಥಿಗಳು ಮಾಳಿಗೆಯ ಮೇಲೆ ಅಡ್ಡಾಡಿ, ಗೋಪುರದೊಳಗಿನ ಪುಟ್ಟ ಕೋಣೆಯಲ್ಲಿ ಸಿಹಿತಿಂಡಿ ಮತ್ತು ಹಣ್ಣುಗಳನ್ನು ಸವಿಯುವುದು ಆ ಕಾಲದ ಸಂಭ್ರಮಗಳಲ್ಲೊಂದಾಗಿತ್ತು.

ಸಾಮಗ್ರಿ ಎಲ್ಲಿಂದ ಬಂತು? ಕೆಲಸ ಮಾಡಿದವರು ಯಾರು?

ಮರಳುಗಲ್ಲನ್ನು ಅದೇ ಗುಡ್ಡದ ಇಳಿಜಾರಿನಲ್ಲಿ ತೆಗೆದರು. ಮನೆಯನ್ನು ಅದರ ನೆಲದಿಂದಲೇ ಎತ್ತಿ ನಿಲ್ಲಿಸಿದರು ಎಂದರೂ ತಪ್ಪಲ್ಲ. ಮರ, ಸುಣ್ಣ, ಸೀಸ, ಗಾಜುಗಳಲ್ಲಿ ಬಹುಪಾಲು ಬೆಸ್‌ಳ ಸ್ವಂತ ಜಮೀನು, ಗಣಿ, ಕುಲುಮೆಗಳಿಂದ ಬಂತು. ಮೂರು ನಾಲ್ಕು ತಲೆಮಾರಿನ ಖಜಾನೆಯನ್ನೇ ಬರಿದುಮಾಡಬಹುದಾಗಿದ್ದ ಕೆಲಸ ಕೈಗೆಟುಕಿದ್ದು ಹೀಗೆ. ಡಾರ್ಬಿಶೈರ್‌ನ ಕಪ್ಪು ಶಿಲೆ ಮತ್ತು ಅಲಬಾಸ್ಟರ್ ಎಂಬ ಮೃದುವಾದ ಬಿಳಿ ಕಲ್ಲು ಅಗ್ಗಿಷ್ಟಿಕೆಗಳಿಗೆ ಒದಗಿದವು.

ಕಟ್ಟಡದ ಲೆಕ್ಕಪತ್ರಗಳು ಉಳಿದುಬಂದಿರುವುದು ನಮ್ಮ ಭಾಗ್ಯ. ಗೋಡೆ ಎಬ್ಬಿಸಿದ ಕಲ್ಲುಕುಟಿಗರಾದ ರೋಡ್ಸ್ ಮನೆತನದವರು, ಶಿಲೆಯಲ್ಲಿ ಕೆತ್ತಿದ ಥಾಮಸ್ ಏಕರ್ಸ್, ಬಣ್ಣಗಾರ ಜಾನ್ ಬಾಲೆಚೌಸ್ ಮುಂತಾದವರ ಹೆಸರುಗಳು ಅಲ್ಲಿ ಸಿಗುತ್ತವೆ. ದೊಡ್ಡ ಕಟ್ಟಡಗಳ ಚರಿತ್ರೆಯಲ್ಲಿ ಕಟ್ಟಿಸಿದವರ ಹೆಸರು ಉಳಿದು ಕಟ್ಟಿದವರ ಹೆಸರು ಅಳಿಯುವುದೇ ಹೆಚ್ಚು. ಹಾಗಾಗದ ಈ ಒಂದು ಉದಾಹರಣೆಯಲ್ಲಿ ಅವರ ಹೆಸರುಗಳನ್ನು ಎತ್ತಿ ಹೇಳುವುದು ಬರೆಯುವವರ ಕರ್ತವ್ಯ.

ಇಷ್ಟು ಗಾಜಿನ ಮನೆಯಲ್ಲಿ ಚಳಿಯಾಗುತ್ತಿರಲಿಲ್ಲವೇ?

ಖಂಡಿತ ಆಗುತ್ತಿತ್ತು. ಬೆಸ್ 1601ರಲ್ಲಿ ಮನೆಯ ಸಾಮಾನುಗಳ ಪಟ್ಟಿಯೊಂದನ್ನು ಮಾಡಿಸಿದಳು. ಆಕೆಯ ಮಲಗುವ ಕೋಣೆಯಲ್ಲಿದ್ದ ಕಂಬಳಿ, ರಜಾಯಿ, ಪರದೆಗಳ ರಾಶಿಯನ್ನು ಅದರಲ್ಲಿ ಓದಿದರೆ ಚಳಿಗಾಲದ ರಾತ್ರಿಗಳು ಹೇಗಿದ್ದಿರಬೇಕೆಂದು ತಿಳಿಯುತ್ತದೆ. ಟ್ಯಾಪೆಸ್ಟ್ರಿಗಳು ಅಂದಕ್ಕೆಷ್ಟೋ ಬೆಚ್ಚಗಿಡುವುದಕ್ಕೂ ಅಷ್ಟೇ ಬೇಕಾಗಿದ್ದವು. ಬೆಸ್ ತನ್ನ ದಿನನಿತ್ಯದ ವಾಸಕ್ಕೆ ಮೇಲಿನ ಭವ್ಯ ಕೋಣೆಗಳನ್ನು ಬಿಟ್ಟು ಮೊದಲ ಮಹಡಿಯ ತಗ್ಗಾದ, ಕಿರಿದಾದ ಕೋಣೆಗಳನ್ನು ಆರಿಸಿಕೊಂಡದ್ದರಲ್ಲಿ ಈ ವಿವೇಕವೂ ಇದ್ದಿರಬೇಕು.

ಪಕ್ಕದಲ್ಲಿರುವ ಪಾಳುಮನೆ ಯಾವುದು?

ಅದು ಹಾರ್ಡ್‌ವಿಕ್ ಓಲ್ಡ್ ಹಾಲ್. ತಾನು ಹುಟ್ಟಿದ ಮನೆಯ ಜಾಗದಲ್ಲಿ ಬೆಸ್ 1587ರಿಂದ ಅದನ್ನು ದೊಡ್ಡದಾಗಿ ಕಟ್ಟಿಸುತ್ತಿದ್ದಳು. ಅದು ಪೂರ್ತಿಯಾಗುವ ಮೊದಲೇ ಹೊಸ ಮನೆಯ ಕೆಲಸ ಶುರುವಾಯಿತು. ಕೆಲಕಾಲ ಎರಡೂ ಒಟ್ಟಿಗೆ ಬಳಕೆಯಲ್ಲಿದ್ದವು, ಹೊಸ ಮನೆಯಲ್ಲಿ ಜಾಗ ಸಿಗದ ಅತಿಥಿಗಳು ಮತ್ತು ಕೆಲಸದವರು ಹಳೆಯದರಲ್ಲಿ ಉಳಿದುಕೊಳ್ಳುತ್ತಿದ್ದರು. ಕೈಗೆ ಬಂದಂತೆ ಬೆಳೆದ ಹಳೆಯ ಮನೆಯನ್ನೂ ಒಂದೇ ಏಟಿಗೆ ಆಲೋಚಿಸಿ ಕಟ್ಟಿದ ಹೊಸ ಮನೆಯನ್ನೂ ಒಂದೇ ಗುಡ್ಡದ ಮೇಲೆ ಹೋಲಿಸಿ ನೋಡುವ ಅವಕಾಶ ವಾಸ್ತುಶಿಲ್ಪದ ವಿದ್ಯಾರ್ಥಿಗೆ ಬೇರೆಡೆ ಸಿಗುವುದು ಅಪರೂಪ. ಹಳೆಯ ಮನೆಗೆ ಈಗ ಚಾವಣಿಯಿಲ್ಲ. ಆದರೂ ಅದರ ಗೋಡೆಗಳ ಮೇಲೆ, ಅಗ್ಗಿಷ್ಟಿಕೆಗಳ ಮೇಲ್ಭಾಗದಲ್ಲಿ, ಗಾರೆಯ ದೈತ್ಯಮೂರ್ತಿಗಳ ಅವಶೇಷಗಳು ಇನ್ನೂ ಉಳಿದಿವೆ.

ಸ್ಕಾಟ್‌ಲೆಂಡಿನ ರಾಣಿ ಮೇರಿ ಇಲ್ಲಿ ಸೆರೆಯಲ್ಲಿದ್ದಳೇ?

ಇಲ್ಲ. ಬೆಸ್‌ಳ ನಾಲ್ಕನೆಯ ಗಂಡ, ಎಲಿಜಬೆತ್ ರಾಣಿ ಇಂಗ್ಲೆಂಡಿನಲ್ಲಿ ಸೆರೆಯಿಟ್ಟಿದ್ದ ಮೇರಿಯ ಕಾವಲಿನ ಹೊಣೆ ಹೊತ್ತಿದ್ದು ನಿಜ. ಆದರೆ ಮೇರಿಗೆ ಮರಣದಂಡನೆಯಾದದ್ದು 1587ರಲ್ಲಿ, ಈ ಮನೆಯ ಅಡಿಪಾಯ ಬಿದ್ದದ್ದು 1590ರಲ್ಲಿ. ಆಕೆಯ ಹೆಸರಿನ ಕೋಣೆಯೊಂದು ಇಲ್ಲಿರುವುದರಿಂದ ಈ ತಪ್ಪು ಕಲ್ಪನೆ ಹಬ್ಬಿದೆ.

ಮನೆ ಬದಲಾಗದೆ ಉಳಿದದ್ದು ಹೇಗೆ? ಈಗ ಅದು ಯಾರದು?

ಬೆಸ್‌ಳ ಮಗ ವಿಲಿಯಂ ಕ್ಯಾವೆಂಡಿಶ್‌ನ ವಂಶದವರು ಮುಂದೆ ಡೆವನ್‌ಶೈರ್‌ನ ಡ್ಯೂಕ್‌ಗಳಾದರು. ಅವರ ಮುಖ್ಯ ಮನೆ ಚಾಟ್ಸ್‌ವರ್ತ್. ಕಾಲಕಾಲದ ಹೊಸ ರುಚಿಗೆ ತಕ್ಕಂತೆ ಅವರು ಹಣ ಸುರಿದು ಬದಲಿಸಿದ್ದೆಲ್ಲ ಚಾಟ್ಸ್‌ವರ್ತ್ ಅನ್ನು. ಹಾರ್ಡ್‌ವಿಕ್ ಎರಡನೆಯ ಮನೆಯಾಗಿ, ಮುದುಕಿಯೊಬ್ಬಳ ಪೆಟ್ಟಿಗೆಯಲ್ಲಿ ಮಡಚಿಟ್ಟ ರೇಷ್ಮೆ ಸೀರೆಯಂತೆ, ಹಾಗೆಯೇ ಉಳಿಯಿತು. ತತ್ತ್ವಜ್ಞಾನಿ ಥಾಮಸ್ ಹಾಬ್ಸ್ ಈ ಕುಟುಂಬದ ಆಶ್ರಯದಲ್ಲಿದ್ದು 1679ರಲ್ಲಿ ಇಲ್ಲೇ ಕೊನೆಯುಸಿರೆಳೆದನು. ಹತ್ತನೆಯ ಡ್ಯೂಕ್ 1950ರಲ್ಲಿ ತೀರಿಕೊಂಡಾಗ ಬಂದ ಭಾರಿ ಮರಣತೆರಿಗೆಯ ಭಾಗವಾಗಿ ಮನೆಯನ್ನು ಸರ್ಕಾರಕ್ಕೆ ಬಿಟ್ಟುಕೊಡಲಾಯಿತು. 1959ರಲ್ಲಿ ಅದು ಚಾರಿತ್ರಿಕ ಮನೆಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ವಶಕ್ಕೆ ಬಂತು.

ಒಳಗೆ ಬೆಳಕು ಇಷ್ಟು ಮಂದವಾಗಿರುವುದೇಕೆ?

ಬೆಳಕಿಗಾಗಿಯೇ ಕಟ್ಟಿದ ಮನೆಯಲ್ಲಿ ಈ ಪ್ರಶ್ನೆ ಏಳುವುದು ಸಹಜ. ಗಾಜು ಒಳಬಿಟ್ಟ ಬಿಸಿಲೇ ನಾಲ್ಕು ಶತಮಾನಗಳಲ್ಲಿ ನೇಯ್ಗೆಯ ಬಣ್ಣಗಳನ್ನು ಕುಡಿದುಹಾಕಿದೆ. ಹಸಿರು ನೀಲಿಗೆ ತಿರುಗಿದೆ, ಕೆಂಪು ಕಂದಿದೆ, ರೇಷ್ಮೆ ಎಳೆಗಳು ಪುಡಿಯಾಗುವ ಸ್ಥಿತಿಗೆ ಬಂದಿವೆ. ಅದಕ್ಕಾಗಿ ಕಿಟಕಿಗಳಿಗೆ ಪರದೆ ಇಳಿಬಿಟ್ಟು ಬೆಳಕನ್ನು ಅಳೆದು ಬಳಸುತ್ತಾರೆ. ಗಿಡಿಯನ್ ಟ್ಯಾಪೆಸ್ಟ್ರಿಗಳ ಸಂರಕ್ಷಣೆ 24 ವರ್ಷ ಹಿಡಿದು 2023ರಲ್ಲಿ ಮುಗಿಯಿತು. ಒಂದೊಂದನ್ನೇ ಇಳಿಸಿ, ತೊಳೆದು, ಸವೆದ ಜಾಗಗಳಿಗೆ ಕೈಹೊಲಿಗೆಯಿಂದ ಆಸರೆ ಕೊಟ್ಟು, ಕೊನೆಯದನ್ನು ಗ್ಯಾಲರಿಯ ಗೋಡೆಗೆ ಏರಿಸಿದಾಗ ಹದಿಮೂರೂ ಮತ್ತೆ ಬೆಸ್ ತೂಗುಹಾಕಿಸಿದ ಅದೇ ಕೋಣೆಯಲ್ಲಿ ಒಟ್ಟುಗೂಡಿದವು.